ಕುಸಿದು ಬಿದ್ದವರಿಗೆ ಸಿಪಿಆರ್: ಮಾಡುವ ಕ್ರಮ, ಮಾಡುವವರಿಗಿರುವ ಅಪಾಯಗಳು

ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಡುವ ಸಿಪಿಆರ್ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುತ್ತವೆ. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರೆ ರೋಗ ಅಂಟುವುದಿಲ್ಲವೇ? ಒತ್ತುವಾಗ ಪಕ್ಕೆಲುಬು ಮುರಿದರೆ ಏನು ಗತಿ? ಶಾಕ್ ಕೊಡುವ ಯಂತ್ರ ನಮಗೇ ಹೊಡೆದರೆ? ಈ ಪ್ರಶ್ನೆಗಳು ಸಹಜವಾದವು, ಇವಕ್ಕೆ ಉತ್ತರವೂ ಇದೆ. ಆದರೆ ಬಾವಿಗೆ ಇಳಿದವರು ಮೇಲೆ ಬರದಿದ್ದಾಗ ಅವರ ಹಿಂದೆಯೇ ಇಳಿಯಬಹುದೇ, ತುಂಡಾದ ತಂತಿಯ ಬಳಿ ಬಿದ್ದವರ ಹತ್ತಿರ ಹೋಗಬಹುದೇ ಎಂದು ಕೇಳುವವರು ಬಹಳ ಕಡಿಮೆ. ನೆರವಿಗೆ ಹೋದವರು ಪ್ರಾಣ ಕಳೆದುಕೊಳ್ಳುವುದು ಇಂಥ ಜಾಗಗಳಲ್ಲಿಯೇ ಹೊರತು ಎದೆ ಒತ್ತುವುದರಿಂದಲೋ ಉಸಿರು ಕೊಡುವುದರಿಂದಲೋ ಅಲ್ಲ. ಎಲ್ಲಿ ಹಿಂಜರಿಯಬೇಕು, ಎಲ್ಲಿ ಹಿಂಜರಿಯಬಾರದು ಎಂಬುದನ್ನು ಕ್ರಮವಾಗಿ ಹೇಳುವುದಕ್ಕಾಗಿ ಈ ಲೇಖನವನ್ನು ಬರೆದಿದ್ದೇನೆ. ಓದಿ ತಿಳಿದದ್ದು ಕೈಗೆ ಹತ್ತಬೇಕಾದರೆ ಗೊಂಬೆಯ ಮೇಲೆ ಅಭ್ಯಾಸ ಮಾಡಿಸುವ ತರಬೇತಿಯೊಂದಕ್ಕೆ ಸೇರುವುದು ಅಗತ್ಯ. ಆದರೆ ತರಬೇತಿ ಆಗಿಲ್ಲ ಎಂಬ ಕಾರಣಕ್ಕೆ ಎದುರಿಗೆ ಬಿದ್ದವರನ್ನು ನೋಡುತ್ತ ನಿಲ್ಲಬೇಕಾಗಿಲ್ಲ.

ಮೊದಲು ತಿಳಿದಿರಬೇಕಾದ ಕೆಲವು ಪದಗಳು

ಹೃದಯಾಘಾತ ಮತ್ತು ಹೃದಯ ಸ್ತಂಭನ ಬೇರೆ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ಆಗ ವ್ಯಕ್ತಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ, ಮಾತನಾಡುತ್ತಾರೆ, ನೋವೆನ್ನುತ್ತಾರೆ. ಅವರಿಗೆ ಬೇಕಾದದ್ದು ತಕ್ಷಣ ಆಸ್ಪತ್ರೆ, ಸಿಪಿಆರ್ ಅಲ್ಲ. ಹೃದಯ ರಕ್ತವನ್ನು ತಳ್ಳುವುದನ್ನೇ ನಿಲ್ಲಿಸಿಬಿಡುವುದು ಹೃದಯ ಸ್ತಂಭನ. ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ, ಸಹಜ ಉಸಿರಾಟ ನಿಲ್ಲುತ್ತದೆ, ರಕ್ತವಿಲ್ಲದೆ 4ರಿಂದ 6 ನಿಮಿಷ ಕಳೆಯುವಷ್ಟರಲ್ಲಿ ಮಿದುಳಿಗೆ ಮರಳಿ ಸರಿಯಾಗದ ಹಾನಿ ಶುರುವಾಗಬಹುದು. ಹೃದಯಾಘಾತದಿಂದ ಹೃದಯ ಸ್ತಂಭನ ಆಗಬಹುದು. ಮುಳುಗುವಿಕೆ, ವಿದ್ಯುತ್ ಆಘಾತ, ವಿಷ, ಉಸಿರುಗಟ್ಟುವಿಕೆಗಳಿಂದಲೂ ಆಗಬಹುದು.

ಸಿಪಿಆರ್ ಎಂದರೆ ನಿಂತ ಹೃದಯದ ಕೆಲಸವನ್ನು ಹೊರಗಿನಿಂದ ಎದೆ ಒತ್ತುವ ಮೂಲಕವೂ ನಿಂತ ಉಸಿರಾಟದ ಕೆಲಸವನ್ನು ಗಾಳಿ ಊದುವ ಮೂಲಕವೂ ತಾತ್ಕಾಲಿಕವಾಗಿ ನಡೆಸುವುದು. ಎದೆಯನ್ನು ಕುಯ್ದು ತೆರೆಯದೆ ಕೈಗಳಿಂದಲೇ ಹೀಗೆ ರಕ್ತ ಹರಿಸಬಹುದೆಂಬುದನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವಿಲಿಯಂ ಕೌವೆನ್‌ಹೋವನ್, ಜೇಮ್ಸ್ ಜೂಡ್ ಮತ್ತು ಗೈ ನಿಕರ್‌ಬಾಕರ್ 1960ರಲ್ಲಿ ಪ್ರಕಟಿಸಿದರು. ಎಇಡಿ ಎಂದರೆ ಹೃದಯದ ಲಯವನ್ನು ತಾನೇ ಪರೀಕ್ಷಿಸಿ, ಅಗತ್ಯವಿದ್ದರೆ ಮಾತ್ರ ಶಾಕ್ ಕೊಡುವ ಪುಟ್ಟ ಯಂತ್ರ.

ಬೇಕಾದ ಸಾಮಗ್ರಿ ಬಹಳ ಕಡಿಮೆ: ಎರಡು ಕೈ, ಗಟ್ಟಿಯಾದ ನೆಲ, ಒಂದು ಫೋನ್. ಜೊತೆಗೆ ಒಂದು ಜೊತೆ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಕೈಗವಸು ಮತ್ತು ಏಕಮುಖ ಕವಾಟವಿರುವ ಮುಖದ ಹಾಳೆ ಅಥವಾ ಪಾಕೆಟ್ ಮಾಸ್ಕ್ ಇದ್ದರೆ ಒಳ್ಳೆಯದು. ಏಕಮುಖ ಕವಾಟವೆಂದರೆ ನಿಮ್ಮ ಉಸಿರು ಒಳಗೆ ಹೋಗಲು ಬಿಟ್ಟು, ಅವರ ಉಸಿರು ಮತ್ತು ಜೊಲ್ಲು ನಿಮ್ಮ ಕಡೆಗೆ ಬಾರದಂತೆ ತಡೆಯುವ ಸಣ್ಣ ಬಾಗಿಲು.

ಹಂತ 1: ಮುಟ್ಟುವ ಮೊದಲು ಜಾಗವನ್ನು ನೋಡಿ

ಈ ವ್ಯಕ್ತಿ ಇಲ್ಲಿ ಏಕೆ ಬಿದ್ದರು ಎಂದು ಒಮ್ಮೆ ಕೇಳಿಕೊಳ್ಳಿ. ಅವರನ್ನು ಕೆಡವಿದ್ದು ಇನ್ನೂ ಅಲ್ಲಿಯೇ ಇದ್ದರೆ ಅದು ನಿಮ್ಮನ್ನೂ ಕೆಡವುತ್ತದೆ. ಇದಕ್ಕೆ ತಗಲುವುದು ಐದಾರು ಸೆಕೆಂಡು. ನೀವೂ ಬಿದ್ದರೆ ಬರುವ ತಂಡಕ್ಕೆ ಇಬ್ಬರನ್ನು ನೋಡಿಕೊಳ್ಳಬೇಕಾಗುತ್ತದೆ, ಮೊದಲು ಬಿದ್ದವರಿಗೆ ಇದ್ದ ಒಂದೇ ನೆರವೂ ತಪ್ಪಿಹೋಗುತ್ತದೆ.

ವಿದ್ಯುತ್. ಮನೆ ಅಥವಾ ಕಾರ್ಖಾನೆಯ ವೈರಿಗೆ ತಗುಲಿಕೊಂಡವರ ಸ್ನಾಯುಗಳು ಬಿಗಿದುಕೊಂಡು ಅವರು ಅದನ್ನು ಬಿಡಲಾರದ ಸ್ಥಿತಿಯಲ್ಲಿ ಇರಬಹುದು. ಅವರನ್ನು ಹಿಡಿದೆಳೆದರೆ ಪ್ರವಾಹ ನಿಮ್ಮ ಮೈಯಲ್ಲೂ ಹರಿಯುತ್ತದೆ. ಮೊದಲು ಮೇನ್ ಸ್ವಿಚ್ ಆರಿಸಿ. ಅದು ಎಲ್ಲಿದೆಯೆಂದು ತಿಳಿಯದಿದ್ದರೆ ಮಾತ್ರ, ಒಣಗಿದ ಮರದ ಹಲಗೆ ಅಥವಾ ಪ್ಲಾಸ್ಟಿಕ್ ವಸ್ತುವಿನ ಮೇಲೆ ನಿಂತು, ಒಣ ಕೋಲಿನಿಂದ ವೈರನ್ನು ಅವರಿಂದ ದೂರ ಸರಿಸಬಹುದು. ಆದರೆ ಈ ಉಪಾಯ ಮನೆಯ ವಿದ್ಯುತ್ತಿಗೆ ಮಾತ್ರ. ಕಂಬದಿಂದ ತುಂಡಾಗಿ ಬಿದ್ದ ಅಧಿಕ ವೋಲ್ಟೇಜಿನ ತಂತಿಯ ಮುಂದೆ ಒಣ ಕೋಲು, ರಬ್ಬರ್ ಚಪ್ಪಲಿ ಯಾವುದೂ ನಿಲ್ಲುವುದಿಲ್ಲ. ತಂತಿ ತಾಗಿದ ಕಡೆ ನೆಲಕ್ಕೂ ವಿದ್ಯುತ್ ಹರಡಿರುತ್ತದೆ. ಒಂದು ಕಾಲಿರುವ ಜಾಗಕ್ಕೂ ಇನ್ನೊಂದು ಕಾಲಿರುವ ಜಾಗಕ್ಕೂ ವೋಲ್ಟೇಜ್ ವ್ಯತ್ಯಾಸವಿರುವುದರಿಂದ ತಂತಿಯನ್ನು ಮುಟ್ಟದೆಯೂ, ಬರೀ ಹೆಜ್ಜೆ ಇಡುವುದರಿಂದಲೇ ಶಾಕ್ ತಗಲಬಹುದು. ಕನಿಷ್ಠ 10 ಮೀಟರ್ ದೂರದಲ್ಲಿ ನಿಂತು, ಇತರರನ್ನೂ ತಡೆದು, ಪೂರೈಕೆ ಕಡಿತವಾಗಿದೆಯೆಂದು ವಿದ್ಯುತ್ ಇಲಾಖೆಯವರು ಖಚಿತಪಡಿಸುವವರೆಗೆ ಕಾಯಿರಿ. ತಿಳಿಯದೆ ಹತ್ತಿರ ಹೋಗಿಬಿಟ್ಟಿದ್ದರೆ, ಪಾದಗಳನ್ನು ಒಂದಕ್ಕೊಂದು ತಾಗಿಸಿಕೊಂಡು, ನೆಲದಿಂದ ಎತ್ತದೆ, ಸ್ವಲ್ಪಸ್ವಲ್ಪವೇ ತೆವಳಿಸುತ್ತ ಹಿಂದೆ ಸರಿಯಿರಿ. ಸಿಡಿಲು ಬಡಿದವರ ವಿಚಾರ ಇದಕ್ಕೆ ವಿರುದ್ಧ: ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಕಿಲ್ಲ. ಮತ್ತೊಂದು ಸಿಡಿಲು ಬೀಳಬಹುದಾದ ಬಯಲಿನಿಂದ ಅವರನ್ನೂ ನಿಮ್ಮನ್ನೂ ಸರಿಸಿಕೊಂಡು ಒಡನೆ ಸಿಪಿಆರ್ ಆರಂಭಿಸಿ.

ಮುಚ್ಚಿದ ಗುಂಡಿಗಳು. ಬಾವಿ, ಸಂಪು, ಸೆಪ್ಟಿಕ್ ಟ್ಯಾಂಕ್, ಮ್ಯಾನ್‌ಹೋಲ್, ಧಾನ್ಯದ ಕಣಜಗಳ ಬಗ್ಗೆ ನಾನು ಹೆಚ್ಚು ಒತ್ತಿ ಹೇಳಲೇಬೇಕು. ಒಬ್ಬರನ್ನು ಎತ್ತಲು ಇನ್ನೊಬ್ಬರು, ಅವರನ್ನು ಎತ್ತಲು ಮತ್ತೊಬ್ಬರು ಇಳಿದು ಒಂದೇ ಮನೆಯ ಮೂವರು ಒಟ್ಟಿಗೆ ಸಾಯುವುದು ಇಲ್ಲಿಯೇ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21ರಷ್ಟು ಇರಬೇಕು. ಗುಂಡಿಯ ಒಳಗೆ ಕೊಳೆಯುವಿಕೆ, ತುಕ್ಕು ಹಿಡಿಯುವಿಕೆಗಳಿಂದ ಅದು ಕುಸಿದಿರಬಹುದು, ಅಥವಾ ಕಾರ್ಬನ್ ಡೈಆಕ್ಸೈಡ್, ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ತುಂಬಿಕೊಂಡಿರಬಹುದು. ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆಯಿದೆ, ನಿಜ. ಆದರೆ ಪ್ರಮಾಣ ಹೆಚ್ಚಾದಾಗ ಅದು ಮೂಗಿನ ವಾಸನಾ ಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ಹೋಯಿತು ಎಂದು ಸಮಾಧಾನಪಟ್ಟುಕೊಳ್ಳುವ ಹೊತ್ತಿಗೆ ಅಪಾಯ ಹೆಚ್ಚಿರುತ್ತದೆ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆ ವಿಷಾನಿಲವನ್ನು ತೋರಿಸಲಾರದು, ಮೀಥೇನ್ ಇದ್ದರೆ ಸ್ಫೋಟವಾಗಬಹುದು. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆಯಾಗಲಿ ಸಾಮಾನ್ಯ ಮಾಸ್ಕ್ ಆಗಲಿ ಇಲ್ಲದ ಆಮ್ಲಜನಕವನ್ನು ತಂದುಕೊಡುವುದಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರೂ ಎರಡು ಉಸಿರಿಗೆ ಎಚ್ಚರ ತಪ್ಪಬಹುದು. ನೀವು ಮಾಡಬೇಕಾದದ್ದು ಇಷ್ಟು: ಇಳಿಯಬೇಡಿ, ಇಳಿಯಹೊರಟವರನ್ನು ತಡೆಯಿರಿ, ಅಗ್ನಿಶಾಮಕ ದಳಕ್ಕೆ ಗುಂಡಿಯೊಳಗಿನ ಘಟನೆಯೆಂದು ಸ್ಪಷ್ಟವಾಗಿ ಹೇಳಿ ಕರೆ ಮಾಡಿ. ಬಿದ್ದವರ ಮೈಗೆ ಮೊದಲೇ ಹಗ್ಗ ಕಟ್ಟಿದ್ದರೆ ಮೇಲಿನಿಂದಲೇ ಎಳೆಯಿರಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ, ತರಬೇತಾದ ತಂಡವಲ್ಲದೆ ಬೇರೆ ಯಾರೂ ಒಳಗೆ ಹೋಗಬಾರದು. ಕಣ್ಣೆದುರಿನಲ್ಲಿ ಸ್ವಂತ ಅಣ್ಣನೋ ಮಗನೋ ಬಿದ್ದಿರುವಾಗ ಇದು ಎಂಥ ಕಠಿಣ ಮಾತೆಂದು ಬಲ್ಲೆ. ಆದರೂ ಇದನ್ನು ಮೃದುಗೊಳಿಸಿ ಹೇಳಲಾರೆ.

ನೀರು. ಮುಳುಗುತ್ತಿರುವವರು ಕೈಗೆ ಸಿಕ್ಕಿದ್ದನ್ನು ತಬ್ಬಿಕೊಳ್ಳುತ್ತಾರೆ. ಸಿಕ್ಕಿದ್ದು ನಿಮ್ಮ ಕುತ್ತಿಗೆಯಾದರೆ ಇಬ್ಬರೂ ಮುಳುಗುತ್ತೀರಿ. ದಡದಲ್ಲಿ ಮಲಗಿ ಕೋಲು ಅಥವಾ ಬಟ್ಟೆಯನ್ನು ಚಾಚಿ. ಎಟುಕದಿದ್ದರೆ ಹಗ್ಗ, ಟ್ಯೂಬ್, ಖಾಲಿ ಕ್ಯಾನ್ ಎಸೆಯಿರಿ. ದೋಣಿಯಿದ್ದರೆ ದೋಣಿಯಲ್ಲಿ ಹೋಗಿ. ಜೀವರಕ್ಷಕ ತರಬೇತಿ ಪಡೆಯದವರು ನೀರಿಗೆ ಧುಮುಕಬಾರದು, ಈಜು ಬಲ್ಲವರಾದರೂ.

ರಸ್ತೆ ಮತ್ತು ಹೊಗೆ. ರಸ್ತೆಯಲ್ಲಾದರೆ ಬರುವ ವಾಹನಗಳಿಗೆ ದೂರದಿಂದಲೇ ಕಾಣುವಂತೆ ಎಚ್ಚರಿಕೆ ದೀಪ ಹಾಕಿ, ಒಬ್ಬರನ್ನು ವಾಹನಗಳನ್ನು ತಡೆಯಲು ಬದಿಯಲ್ಲಿ ನಿಲ್ಲಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಒಲೆ ಅಥವಾ ಜನರೇಟರ್ ಉರಿಯುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಬಿದ್ದವರನ್ನು ಹೊರಗಿನ ಗಾಳಿಗೆ ತಂದ ಮೇಲೆಯೇ ಸಿಪಿಆರ್ ಮಾಡಿ.

ಹಂತ 2: ಎಚ್ಚರ ಮತ್ತು ಉಸಿರಾಟ ಪರೀಕ್ಷಿಸಿ, ನೆರವು ಕರೆಯಿರಿ

ಎರಡೂ ಭುಜ ತಟ್ಟಿ ಜೋರಾಗಿ ಕೂಗಿ. ಉತ್ತರವಿಲ್ಲದಿದ್ದರೆ ಫೋನನ್ನು ಸ್ಪೀಕರಿಗೆ ಹಾಕಿ ನಿಮ್ಮಲ್ಲಿಯ ತುರ್ತು ಸಂಖ್ಯೆಗೆ ಕರೆ ಮಾಡಿ, ಪಕ್ಕದಲ್ಲಿರಿಸಿ. ಸುತ್ತ ನಿಂತವರಲ್ಲಿ ಒಬ್ಬರನ್ನು ಬೊಟ್ಟುಮಾಡಿ ತೋರಿಸಿ ಎಇಡಿ ತರಲು ಹೇಳಿ. ಯಾರಾದರೂ ತನ್ನಿ ಎಂದರೆ ಯಾರೂ ತರುವುದಿಲ್ಲ. ಇಷ್ಟರಲ್ಲೇ ಎದೆ ಏರಿಳಿಯುತ್ತಿದೆಯೇ ಎಂದು ನೋಡಿ. ಇದಕ್ಕೆ 10 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬೇಡಿ. ನಾಡಿ ಹುಡುಕುತ್ತ ಕೂರಬೇಡಿ. ಅಭ್ಯಾಸವಿಲ್ಲದವರಿಗೆ ತಮ್ಮದೇ ಬೆರಳ ಬಡಿತ ಅವರದೆಂದು ಅನ್ನಿಸಬಹುದು.

ಬಹಳ ಜನ ಎಡವುವುದು ಇಲ್ಲಿ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ದಡದ ಮೇಲಿನ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂಥ ಸದ್ದಿನೊಂದಿಗೆ ಗಾಳಿ ಎಳೆಯುತ್ತಾರೆ. ಇದು ಉಸಿರಾಟವಲ್ಲ, ಸಾಯುತ್ತಿರುವ ಮಿದುಳಿನ ಪ್ರತಿವರ್ತನೆ. ವೈದ್ಯರು ಇದನ್ನು ಸಾವಿನಂಚಿನ ಉಸಿರು ಎಂಬ ಅರ್ಥದಲ್ಲಿ 'ಅಗೋನಲ್' ಉಸಿರು ಎನ್ನುತ್ತಾರೆ. ಕೆಲವರಲ್ಲಿ ಅಲ್ಪಕಾಲದ ಸೆಳೆತವೂ ಬಂದು ಅಪಸ್ಮಾರದಂತೆ ಕಾಣಬಹುದು. ಎಚ್ಚರವಿಲ್ಲ, ಸಹಜ ಉಸಿರಾಟವೂ ಇಲ್ಲ ಎಂದಾದರೆ ಸಂದೇಹ ಬೇಡ, ಮುಂದಿನ ಹಂತಕ್ಕೆ ಹೋಗಿ. ಹೃದಯ ನಿಲ್ಲದವರಿಗೆ ತಪ್ಪಾಗಿ ಸಿಪಿಆರ್ ಮಾಡಿದರೂ ಗಂಭೀರ ಹಾನಿ ಆಗುವುದು ಅಪರೂಪ. ಹೃದಯ ನಿಂತವರಿಗೆ ಮಾಡದೆ ಬಿಟ್ಟರೆ ಸಾವು ಬಹುತೇಕ ನಿಶ್ಚಿತ.

ಹಂತ 3: ಎದೆ ಒತ್ತಿ

ಅವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಮೆತ್ತನೆಯ ಹಾಸಿಗೆಯ ಮೇಲೆ ಒತ್ತಿದರೆ ಎದೆಯ ಬದಲು ಹಾಸಿಗೆಯೇ ಕುಗ್ಗುತ್ತದೆ. ಅವರ ಎದೆಯ ಪಕ್ಕ, ಹತ್ತಿರಕ್ಕೆ ಸರಿದು ಮಂಡಿಯೂರಿ. ಎದೆಮೂಳೆ, ಅಂದರೆ ಎರಡು ಕಡೆಯ ಪಕ್ಕೆಲುಬುಗಳನ್ನು ಮಧ್ಯದಲ್ಲಿ ಸೇರಿಸುವ ಚಪ್ಪಟೆ ಮೂಳೆ, ಅದರ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು ಬೆರಳುಗಳನ್ನು ಹೆಣೆದುಕೊಳ್ಳಿ. ಮೊಣಕೈ ಮಡಿಸದೆ, ನಿಮ್ಮ ಭುಜಗಳು ನಿಮ್ಮ ಕೈಗಳ ನೇರ ಮೇಲೆ ಬರುವಂತೆ ಬಾಗಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, 6 ಮೀರದಂತೆ ಒತ್ತಿ. ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಏಕೆಂದರೆ ಹೃದಯ ಮತ್ತೆ ರಕ್ತ ತುಂಬಿಕೊಳ್ಳುವುದು ಆ ಬಿಡುವಿನಲ್ಲಿಯೇ. ಕೈ ಎದೆಗೆ ತಾಗಿರಲಿ, ಭಾರ ಮಾತ್ರ ಹೇರಬೇಡಿ.

ವಯಸ್ಕರಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಲಟಕ್ಕೆಂಬ ಸದ್ದು ಕೈಗೆ ತಿಳಿಯುತ್ತದೆ, ಎದೆ ನಡುಗುತ್ತದೆ. ಹೆದರಿ ಮೇಲುಮೇಲೆ ಒತ್ತತೊಡಗಿದರೆ ರಕ್ತ ಮಿದುಳಿಗೆ ತಲುಪುವುದಿಲ್ಲ. ಕೈಯ ಜಾಗ ಸರಿಯಿದೆಯೇ ಎಂದು ನೋಡಿಕೊಂಡು ಅದೇ ಆಳದಲ್ಲಿ ಮುಂದುವರಿಸಿ. ಮುರಿದ ಪಕ್ಕೆಲುಬು ಕೂಡುತ್ತದೆ. ಒಳ್ಳೆಯ ಉದ್ದೇಶದಿಂದ ನೆರವಾದವರಿಗೆ ಅನೇಕ ದೇಶಗಳಲ್ಲಿ ಕಾನೂನಿನ ರಕ್ಷಣೆಯಿದೆ.

ಒತ್ತುವವರ ಮೈ ಬೇಗ ಸೋಲುತ್ತದೆ. ಒಂದೆರಡು ನಿಮಿಷಗಳಲ್ಲೇ ಒತ್ತಿನ ಆಳ ಕಡಿಮೆಯಾಗುತ್ತದೆ, ಆದರೆ ಅದು ಒತ್ತುವವರ ಅರಿವಿಗೇ ಬಂದಿರುವುದಿಲ್ಲ. ಆದ್ದರಿಂದ ಆಯಾಸವಾಯಿತೆಂದು ಅನ್ನಿಸುವವರೆಗೆ ಕಾಯದೆ ಪ್ರತಿ 2 ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಾಯಿಸಿ, ಬದಲಾವಣೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯಲಿ. ತೋಳಿನ ಬಲದಿಂದ ಒತ್ತುವವರಿಗೆ ಮಣಿಕಟ್ಟು, ದೂರ ಕುಳಿತು ಬಗ್ಗುವವರಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಸೊಂಟದಿಂದ ಮೇಲಿನ ಇಡೀ ಮೈಭಾರವನ್ನು ನೇರವಾಗಿ ಇಳಿಸುವುದೇ ಇದಕ್ಕೆ ಪರಿಹಾರ. ಮಂಡಿಯ ಕೆಳಗೆ ಮಡಚಿದ ಬಟ್ಟೆ ಹಾಕಿಕೊಳ್ಳಬಹುದು. ನಿಮಗೇ ಹೃದಯದ ತೊಂದರೆಯಿದ್ದರೆ, ಒತ್ತುವಾಗ ಎದೆನೋವು ಅಥವಾ ತಲೆಸುತ್ತು ಬಂದರೆ, ಸಂಕೋಚವಿಲ್ಲದೆ ಇನ್ನೊಬ್ಬರಿಗೆ ಬಿಟ್ಟುಕೊಡಿ.

ಮಕ್ಕಳಲ್ಲಿ ಎದೆಯ ದಪ್ಪದ ಮೂರನೆಯ ಒಂದು ಭಾಗದಷ್ಟು ಆಳ ಸಾಕು: ದೊಡ್ಡ ಮಕ್ಕಳಲ್ಲಿ ಸುಮಾರು 5 ಸೆಂಟಿಮೀಟರ್, ಒಂದು ವರ್ಷದೊಳಗಿನ ಕೂಸಿನಲ್ಲಿ ಸುಮಾರು 4. ಕೂಸಿನ ಎದೆಯನ್ನು ಎರಡೂ ಕೈಗಳಿಂದ ಬಳಸಿ ಹಿಡಿದು ಹೆಬ್ಬೆರಳುಗಳಿಂದ ಒತ್ತಬೇಕು.

ಹಂತ 4: ಉಸಿರು ಕೊಡುವುದು, ಕೊಡದಿರುವುದು

30 ಒತ್ತುಗಳಿಗೆ 2 ಉಸಿರು ಎಂಬುದು ಕ್ರಮ. ಹಣೆಯ ಮೇಲೆ ಒಂದು ಕೈಯಿಟ್ಟು ತಲೆಯನ್ನು ಹಿಂದಕ್ಕೆ ವಾಲಿಸಿ, ಗದ್ದವನ್ನು ಎತ್ತಿ, ಮೂಗನ್ನು ಹಿಡಿದು ಮುಚ್ಚಿ, ಒಂದು ಸೆಕೆಂಡು ಊದಿ. ಎದೆ ಮೇಲೇಳುವಷ್ಟು ಊದಿದರೆ ಸಾಕು. ಜೋರಾಗಿ ಊದಿದ ಗಾಳಿ ಹೊಟ್ಟೆಗೆ ಹೋಗಿ ವಾಂತಿ ತರುತ್ತದೆ. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸಿ ಮುಂದುವರಿಸಿ.

ಸೋಂಕಿನ ಭಯಕ್ಕೆ ಉತ್ತರ ಇಲ್ಲಿದೆ. ಉಸಿರು ಕೊಟ್ಟವರಿಗೆ ಕ್ಷಯ, ಹರ್ಪಿಸ್‌ನಂಥ ಸೋಂಕು ತಗುಲಿದ ಬಿಡಿ ಪ್ರಕರಣಗಳು ವರದಿಯಾಗಿವೆ. ಆದರೆ ಅವು ಬಹಳ ವಿರಳ. ಹೆಚ್ಚು ಜನ ಹೆದರುವ ಎಚ್‌ಐವಿ ಜೊಲ್ಲಿನಿಂದ ಹರಡುವುದಿಲ್ಲ. ಆದರೂ ಬಾಯಲ್ಲಿ ರಕ್ತವಿದ್ದರೆ, ಉಸಿರಿನಿಂದ ಹರಡುವ ಸಾಂಕ್ರಾಮಿಕ ಇರುವ ಕಾಲವಾಗಿದ್ದರೆ, ಅಥವಾ ನಿಮ್ಮ ಮನಸ್ಸು ಒಪ್ಪದಿದ್ದರೆ, ಉಸಿರು ಕೊಡದೆ ಎದೆಯನ್ನು ಮಾತ್ರ ಬಿಡದೆ ಒತ್ತುತ್ತಿರಿ. ಹಠಾತ್ತನೆ ಕುಸಿದ ವಯಸ್ಕರ ರಕ್ತದಲ್ಲಿ ಮೊದಲ ಕೆಲವು ನಿಮಿಷಗಳಿಗೆ ಬೇಕಾದಷ್ಟು ಆಮ್ಲಜನಕ ಇನ್ನೂ ಇರುತ್ತದೆ. ಅದನ್ನು ಮಿದುಳಿಗೆ ತಲುಪಿಸುವುದೇ ಮುಖ್ಯ. ಕೋವಿಡ್ ಕಾಲದಲ್ಲಿ ಬಿದ್ದವರ ಬಾಯಿ ಮೂಗಿನ ಮೇಲೆ ತೆಳುವಾದ ಬಟ್ಟೆ ಹಾಕಿ ಹೀಗೆ ಒತ್ತುವಂತೆ ಸಲಹೆ ನೀಡಲಾಗಿತ್ತು.

ಮುಳುಗಿದವರು, ಉಸಿರುಗಟ್ಟಿದವರು ಮತ್ತು ಮಕ್ಕಳ ವಿಷಯದಲ್ಲಿ ಮಾತ್ರ ಈ ರಿಯಾಯಿತಿಯನ್ನು ಸುಲಭವಾಗಿ ತೆಗೆದುಕೊಳ್ಳಬೇಡಿ. ಅವರಲ್ಲಿ ಹೃದಯ ನಿಂತದ್ದೇ ಆಮ್ಲಜನಕ ಮುಗಿದದ್ದರಿಂದ. ಉಸಿರು ಕೊಡದೆ ಒತ್ತಿದರೆ ಹರಿಯುವುದು ಬರಿದಾದ ರಕ್ತ. ಮುಳುಗಿದವರಿಗೆ ಒತ್ತುವುದಕ್ಕೂ ಮೊದಲೇ ಉಸಿರು ಕೊಟ್ಟು ಆರಂಭಿಸಬೇಕು. ನೀರು ತೆಗೆಯಲೆಂದು ಹೊಟ್ಟೆ ಒತ್ತುವುದು, ತಲೆಕೆಳಗಾಗಿ ಹಿಡಿಯುವುದು ಬೇಡ. ಹಾಗೆ ಮಾಡಿದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಹುದು, ಅಮೂಲ್ಯ ನಿಮಿಷಗಳೂ ವ್ಯರ್ಥವಾಗುತ್ತವೆ.

ಬಾಯಿಗೆ ಬಾಯಿ ತಾಗಿಸಲೇಬಾರದ ಸಂದರ್ಭ ವಿಷಪ್ರಾಶನ. ಧಾನ್ಯಕ್ಕೆ ಹುಳು ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ನುಂಗಿದವರ ಹೊಟ್ಟೆಯಲ್ಲಿ ಫಾಸ್ಫೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಅದರ ಸೂಚನೆ. ಅವರ ಉಸಿರು, ವಾಂತಿ ಎರಡೂ ನಿಮಗೆ ಅಪಾಯ. ಕಿಟಕಿ ಬಾಗಿಲು ತೆರೆಯಿರಿ, ಸಾಧ್ಯವಾದರೆ ಬಯಲಿಗೆ ತನ್ನಿ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಚರ್ಮದ ಮೂಲಕವೂ ಒಳಸೇರುತ್ತವೆ. ತೆಳು ಲ್ಯಾಟೆಕ್ಸ್ ಕೈಗವಸು ಅವನ್ನು ತಡೆಯಲಾರದು, ನೈಟ್ರೈಲ್ ಬೇಕು. ಒದ್ದೆಯಾದ ಬಟ್ಟೆಯನ್ನು ತೆಗೆದು ದೂರ ಇಟ್ಟು ಎದೆ ಒತ್ತಿ. ಯಾವ ವಿಷವೆಂಬುದನ್ನು ಆಂಬುಲೆನ್ಸ್‌ನವರಿಗೆ ಫೋನಿನಲ್ಲಿಯೇ ಹೇಳಿದರೆ ಅವರೂ ಸಿದ್ಧರಾಗಿ ಬರುತ್ತಾರೆ.

ಹಂತ 5: ಎಇಡಿ ಬಂದೊಡನೆ ಬಳಸಿ

ಶಾಕ್‌ನಿಂದ ಸರಿಪಡಿಸಬಹುದಾದ ಲಯದಲ್ಲಿ ಹೃದಯ ಸಿಕ್ಕಿಕೊಂಡಿದ್ದರೆ, ಸಿಪಿಆರ್ ಕೂಡ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಸುಮಾರು ಶೇ 7ರಿಂದ 10ರಷ್ಟು ಕುಸಿಯುತ್ತದೆ. ಆದ್ದರಿಂದ ಯಂತ್ರ ಬಂದ ಕ್ಷಣವೇ ಚಾಲೂ ಮಾಡಿ. ಮುಂದಿನದನ್ನು ಅದೇ ಧ್ವನಿಯಲ್ಲಿ ಹೇಳುತ್ತದೆ. ಒಂದು ಪ್ಯಾಡ್ ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಯ ಮೇಲೆ. ಎದೆ ಒದ್ದೆಯಾಗಿದ್ದರೆ ಒರೆಸಿ, ನಿಂತ ನೀರಿನಲ್ಲಿದ್ದರೆ ಹೊರಗೆ ಎಳೆದುಕೊಳ್ಳಿ. ಚರ್ಮದ ಮೇಲೆ ಔಷಧದ ಪಟ್ಟಿಯಿದ್ದರೆ ಕಿತ್ತು ಒರೆಸಿ. ಪೇಸ್‌ಮೇಕರ್‌ನ (ಹೃದಯ ಬಡಿತ ಸರಿಯಿಡಲು ಚರ್ಮದಡಿ ಕೂರಿಸುವ ಯಂತ್ರದ) ಉಬ್ಬು ಕಂಡರೆ ಅದರ ನೇರ ಮೇಲೆ ಅಂಟಿಸಬೇಡಿ. ಮಹಿಳೆಯರ ಎದೆಯ ಬಟ್ಟೆ ಸರಿಸಲು ಸಂಕೋಚಪಟ್ಟು ತಡಮಾಡುವುದು ಅವರ ಜೀವಕ್ಕೇ ಎರವಾಗುತ್ತದೆ. ಸುತ್ತಲಿನವರಿಗೆ ಬೆನ್ನು ತಿರುಗಿಸಿ ನಿಲ್ಲಲು ಹೇಳಿ.

ಯಂತ್ರ ನಿಮಗೆ ಶಾಕ್ ಹೊಡೆಯುವ ಸಾಧ್ಯತೆ ಇರುವುದು ಆ ಕ್ಷಣದಲ್ಲಿ ಅವರನ್ನು ಮುಟ್ಟಿದ್ದರೆ ಮಾತ್ರ. ಎಲ್ಲರೂ ದೂರ ಸರಿಯಿರಿ ಎಂದು ಕೂಗಿ, ತಲೆಯಿಂದ ಕಾಲಿನವರೆಗೆ ಒಮ್ಮೆ ಕಣ್ಣು ಹಾಯಿಸಿ, ಆಮೇಲೆ ಗುಂಡಿ ಒತ್ತಿ. ಆಮ್ಲಜನಕದ ಕೊಳವೆಯಿದ್ದರೆ ಎದೆಯಿಂದ ಕನಿಷ್ಠ 1 ಮೀಟರ್ ದೂರವಿಡಿ. ಕಿಡಿ ಹಾರಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಶಾಕ್ ಆದೊಡನೆ ಫಲಿತಾಂಶಕ್ಕೆ ಕಾಯದೆ ಮತ್ತೆ ಒತ್ತಲಾರಂಭಿಸಿ.

ಹಂತ 6: ಯಾವಾಗ ನಿಲ್ಲಿಸಬೇಕು

ಅವರು ಕದಲಿ ಸಹಜವಾಗಿ ಉಸಿರಾಡತೊಡಗಿದಾಗ, ತರಬೇತಾದ ತಂಡ ಬಂದು ವಹಿಸಿಕೊಂಡಾಗ, ಜಾಗ ಅಪಾಯಕಾರಿಯಾದಾಗ, ಅಥವಾ ನಿಮ್ಮ ಶಕ್ತಿ ಪೂರ್ತಿ ಉಡುಗಿದಾಗ. ಉಸಿರಾಟ ಮರಳಿಯೂ ಎಚ್ಚರ ಮರಳದಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಎಇಡಿ ಪ್ಯಾಡ್ ಕೀಳದೆ, ಉಸಿರಾಟದ ಮೇಲೆಯೇ ಕಣ್ಣಿಡಿ. ಹೃದಯ ಮತ್ತೆ ನಿಲ್ಲಬಹುದು.

ಹಂತ 7: ಎಲ್ಲ ಮುಗಿದ ಮೇಲೆ ನಿಮ್ಮನ್ನು ನೋಡಿಕೊಳ್ಳಿ

ಕೈಗವಸನ್ನು ಒಳಮೈ ಹೊರಗೆ ಬರುವಂತೆ ಮಗುಚಿ ತೆಗೆದು ಸೋಪಿನಿಂದ ಕೈ ತೊಳೆಯಿರಿ. ರಕ್ತ ನಿಮ್ಮ ಗಾಯಕ್ಕೆ ತಾಗಿದ್ದರೆ ಅಥವಾ ಅಲ್ಲಿದ್ದ ಸೂಜಿ ಚುಚ್ಚಿದ್ದರೆ ಆ ಜಾಗವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ, ಹಿಂಡಬೇಡಿ. ಕಣ್ಣಿಗೆ ಸಿಡಿದಿದ್ದರೆ ಬರೀ ನೀರು ಹಾಯಿಸಿ. ನಂತರ ಅದೇ ದಿನ ವೈದ್ಯರನ್ನು ಕಾಣಿ. ಎಚ್‌ಐವಿ ತಡೆಯುವ ಔಷಧವನ್ನು ಸಾಧ್ಯವಾದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳ ಒಳಗೆ ಆರಂಭಿಸಬೇಕು. ಹೆಪಟೈಟಿಸ್ ಬಿಗೆ ಲಸಿಕೆಯಿದೆ. ಇಂಥ ಕೆಲಸಕ್ಕೆ ಆಗಾಗ ಮುಂದಾಗುವವರು ಮೊದಲೇ ಹಾಕಿಸಿಕೊಂಡಿರಬೇಕು.

ಕಣ್ಣಿಗೆ ಕಾಣದ ಪೆಟ್ಟೂ ಒಂದಿದೆ. ನೀವು ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಅವರು ಉಳಿಯದಿರಬಹುದು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ. ಆ ಮುಖ, ಪಕ್ಕೆಲುಬಿನ ಆ ಸದ್ದು, ಇನ್ನೂ ಬೇಗ ಆರಂಭಿಸಬೇಕಿತ್ತೇನೋ ಎಂಬ ಯೋಚನೆ ದಿನಗಟ್ಟಲೆ ಕಾಡಬಹುದು. ಅಲ್ಲಿ ನಿಮ್ಮೊಂದಿಗೆ ಇದ್ದವರ ಜೊತೆ, ನಿಮಗೆ ಹತ್ತಿರದವರ ಜೊತೆ ನಡೆದದ್ದನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ನಿದ್ದೆ ಬಾರದಿರುವುದು, ದೃಶ್ಯ ಮರುಕಳಿಸುವುದು ಒಂದು ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣಿ. ಕೊನೆಯದಾಗಿ, ಬಳಸಿದ ಮುಖದ ಹಾಳೆ ಮತ್ತು ಕೈಗವಸುಗಳ ಜಾಗದಲ್ಲಿ ಹೊಸವನ್ನು ಇಡಿ, ಎಇಡಿಯ ಪ್ಯಾಡ್ ಬದಲಾಯಿಸಲು ಅದರ ಉಸ್ತುವಾರಿ ಹೊತ್ತವರಿಗೆ ಅಂದೇ ತಿಳಿಸಿ.